ತುಟಿಯ ಮೇಲಿನ ಉಂಗುರ

ತಣ್ಣಗಿದೆ ಬಾಟಲಿಯ ಕತ್ತು, ಇರುಳೆಲ್ಲ ಕಿಟಕಿಯ ಕಟ್ಟೆಯ ಮೇಲೆ ಕೂತು ಸಮುದ್ರದ ಗಾಳಿ ಕುಡಿದಿದೆ, ತುಟಿಗೆ ಒತ್ತಿದರೆ ತುತ್ತೂರಿಯ ಹಿತ್ತಾಳೆಯಷ್ಟೇ ತಣ್ಣಗೆ, ಹಿತ್ತಾಳೆಯಷ್ಟೇ ಗುಂಡಗೆ, ಹಿತ್ತಾಳೆಯ ಆ ಹುಳಿ ವಾಸನೆಯೊಂದಿಲ್ಲ, ಯಾವತ್ತೋ ಕುಡಿದು ಮುಗಿಸಿದ ಕಹಿ ಕಷಾಯದ ವಾಸನೆ ಮಾತ್ರ — ಒಬ್ಲಿಟೇ ಕಣ್ಣು ಮುಚ್ಚಿ ಇನ್ನೂ ಸ್ವಲ್ಪ ಒತ್ತಿಕೊಂಡ, ಬಾಯಿಯ ಎರಡು ಮೂಲೆ ಬಿಗಿ, ನಡು ಸಡಿಲ, ಮೂಲೆ ಬಿಗಿ, ನಡು ಸಡಿಲ, ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದಾನೆ ಇದನ್ನು, ಆ ಅಫೊಟೆಗೂ ಅವನೇ ಹೇಳಿಕೊಟ್ಟದ್ದು, ದವಡೆಗೆ ಎರಡು ಬೆರಳು ಕೊಟ್ಟು, ಇಲ್ಲಿ ಕಣೋ, ಇಲ್ಲಿ ಹಿಡಿ, ಕೆನ್ನೆ ಊದಿಸ್ಬೇಡ, ಕಪ್ಪೆ ಅಲ್ಲ ನೀನು — ಊದಲಿಲ್ಲ ಅವನು, ಬಾಟಲಿಗೆ ಉಸಿರು ಕೂಡ ಬಿಡಲಿಲ್ಲ, ಬಿಟ್ಟರೆ ಅದು ಹೂಂ ಎಂದು ಕೂಗಿಬಿಡುತ್ತದೆ, ಕಡಲ ದಂಡೆಯ ಈ ತೇಶಿ ಊರಿನಲ್ಲಿ ಸದ್ದಿನ ಕಟ್ಟು ಇನ್ನೂ ಬಿಚ್ಚಿಲ್ಲ. ಇವತ್ತು ಬಿಚ್ಚುತ್ತಾರೆ, ಬಿಸಿಲು ಏರುವಷ್ಟರಲ್ಲಿ ಗುಡಿಯ ಡೋಲಿಗೆ ಕೋಲು ಬೀಳುತ್ತದೆ, ಪೂಜಾರಿಗಳು ಬಿತ್ತಿದ ಸಜ್ಜೆ ಮೊಳೆತು ನಿಂತಿದೆಯಂತೆ, ಅದು ಮೊಳೆಯುವವರೆಗೆ ದೇವರುಗಳ ಕಿವಿಗೆ ಏನೂ ಬೀಳಬಾರದು, ಡೋಲಿಲ್ಲ, ತುತ್ತೂರಿಯಿಲ್ಲ, ಹೆಣ ಎತ್ತುವಾಗಲೂ ಸದ್ದಿಲ್ಲ, ಚರ್ಚಿನಲ್ಲಿ ಕೂಡ ಬರೀ ಬಾಯಿಹಾಡು, ಇದು ಅಜ್ಜನ ಕಾಲದಿಂದ ಇದ್ದದ್ದೇ, ಅವನಿಗೇನೂ ತಕರಾರಿಲ್ಲ, ಆದರೆ ಒಂದು ತಿಂಗಳು ತುತ್ತೂರಿ ಮುಟ್ಟದ ತುಟಿ ಏನಾಗುತ್ತದೆ ಎಂದು ದೇವರಿಗೇನು ಗೊತ್ತು, ಚಹಾದಲ್ಲಿ ಅದ್ದಿ ಮರೆತ ಬಿಸ್ಕತ್ತಾಗುತ್ತದೆ. ಇಪ್ಪತ್ತೈದರ ಹುಡುಗನಿಗಾದರೆ ಎರಡು ದಿನದಲ್ಲಿ ಸರಿಹೋಗುತ್ತದೆ, ಐವತ್ತು ದಾಟಿದವನ ತುಟಿ ಹೋದರೆ ಹೋಯಿತು. ಅದು ಅಫೊಟೆಗೂ ಗೊತ್ತಿದೆ, ಚೆನ್ನಾಗಿ ಗೊತ್ತಿದೆ.

ಮೊದಮೊದಲು ಪೆನ್ಸಿಲ್ಲೇ ಸಾಕಿತ್ತು. ಬಡಗಿಗಳ ದಪ್ಪ ಪೆನ್ಸಿಲ್, ಹಲ್ಲು ತಾಗಿಸದೆ ಬರೀ ತುಟಿಯ ತುದಿಯಲ್ಲಿ ಕಚ್ಚಿ ನೆಟ್ಟಗೆ ಮುಂದಕ್ಕೆ ಹಿಡಿಯಬೇಕು, ಸೊಂಟ ಬಿದ್ದ ಮುದುಕನ ಹಾಗೆ ಅದು ಕೆಳಕ್ಕೆ ಬಾಗಲು ಶುರುವಾದರೆ ಮೂಲೆಗಳು ಸೋತವೆಂದು ಅರ್ಥ, ದೋಣಿ ಮೋಟಾರು ರಿಪೇರಿಯ ಶೆಡ್ಡಿನಲ್ಲಿ ಗೋಡೆಗೆ ಮುಖ ಮಾಡಿ ನಿಂತು ಇದನ್ನೇ ಮಾಡುತ್ತಿದ್ದ, ಮೋಟಾರು ಕೇಳಲು ಬಂದ ಬೆಸ್ತರು ಹಿಂದಿನಿಂದ, ಹಿರಿಯರನ್ನು ಕರೆಯುವ ಹೆಸರಿನಲ್ಲೇ, ಏನ್ ಆಟಾ, ಬಾಯಲ್ಲಿ ಪೆನ್ಸಿಲ್ ಇಟ್ಕೊಂಡು ಯಾವ ದೊಡ್ಡ ಲೆಕ್ಕ ಹಾಕ್ತಿದೀರಾ, ನನ್ನ ಮೋಟಾರಿಗೆ ಎಷ್ಟು ಬರೀಬೇಕು ಅಂತಾನಾ — ಹೂಂ ಎಂದು ತಲೆಯಾಡಿಸುತ್ತಿದ್ದ, ಬಾಯಿ ಬಿಟ್ಟರೆ ಪೆನ್ಸಿಲ್ ಬೀಳುತ್ತದಲ್ಲ. ಯಾರು ಕಳಿಸಿದರೋ ಇವರನ್ನು, ಆಟಾ ಏನು ಮಾಡ್ತಿದಾನೆ ನೋಡ್ಕೊಂಡು ಬನ್ನಿ ಅಂತ, ಅಫೊಟೆಯ ದೋಣಿಯವರೇ ತಾನೇ ಇವರೆಲ್ಲ. ಆಮೇಲೆ ಒಂದು ದಿನ ಹೊಳೆಯಿತು, ಪೆನ್ಸಿಲ್ಲಿನಿಂದ ಮೂಲೆ ಉಳಿಯುತ್ತದೆ ಸರಿ, ನಡುತುಟಿಗೆ ಹಿತ್ತಾಳೆಯ ಅಂಚು ಎಲ್ಲಿ ಕೂರುತ್ತಿತ್ತು ಎಂಬುದೇ ಮರೆತುಹೋದರೆ, ಆಗ ಕಂಡದ್ದು ಈ ಬಾಟಲಿ, ತುತ್ತೂರಿಯ ತುದಿಯ ಊದುಬಟ್ಟಲಿನಷ್ಟೇ ಅಗಲದ ಬಾಯಿ, ಇದು ಅವನದೇ ಉಪಾಯ, ಯಾರಿಗೂ ಹೇಳಿಕೊಟ್ಟಿಲ್ಲ. ಹೆಂಡತಿ ಒಡಾರ್ಲೆ, ಮೀನು ಹೊಗೆಯಾಡಿಸಿ ಮನೆಗೆ ಬಂದವಳು, ಕೆಂಪು ಕಣ್ಣು ಉಜ್ಜಿಕೊಂಡು ಹತ್ತಿರ ಬಂದು ನೋಡಿದ್ದಳು, ಇದೇನ್ರೀ ಮೂತಿ ಮೇಲೆ. ಯಾವುದು. ಇದು, ಗುಂಡಗೆ. ಏನಿಲ್ಲ, ಬಾಟಲಿ. ಬಾಟಲಿಯಂತೆ ಬಾಟಲಿ, ಕುಡಿದಿದ್ರೆ ವಾಸ್ನೆ ಬರ್ಬೇಕಿತ್ತು, ಯಾವಳ್ರೀ ಅವಳು, ಹಲ್ಲಿಲ್ಲದೋಳೇ ಇರ್ಬೇಕು, ಇಷ್ಟು ನೀಟಾಗಿ ಗುಂಡಗೆ ಚೀಪಿದಾಳಲ್ಲ. ಅವಳೆದುರಿಗೇ ಬಾಟಲಿ ತುಟಿಗೆ ಒತ್ತಿ ತೋರಿಸಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಅಯ್ಯೋ ನನ್ನ ಗಂಡ ಬಾಟಲಿಗೆ ಮುತ್ತು ಕೊಡ್ತಾನಲ್ಲಪ್ಪೋ, ನಕ್ಕು ಸುಮ್ಮನಾಗಿ, ಆಮೇಲೆ, ಈ ಗುರುತು ಕಂಡೋರು ಏನಂದ್ಕೋತಾರೆ, ಕದ್ದು ಊದ್ತಿದೀರಿ ಅನ್ನಲ್ವಾ. ಸ್ವಲ್ಪ ಹೊತ್ತಲ್ಲಿ ಹೋಗುತ್ತೆ ಬಿಡೇ. ಹೋಗುತ್ತಿತ್ತು ಕೂಡ, ಹೋಗಿದೆಯೋ ಇಲ್ಲವೋ ಎಂದು ಅವನು ಕನ್ನಡಿ ಹಿಡಿದು ನೋಡಿದವನಲ್ಲ.

ಊದುಬಟ್ಟಲುಗಳೆಲ್ಲ ಬ್ಯಾಂಡಿನ ಮಾಸ್ಟರ್ ಬೊರ್ಕೆಟೆಯ ಡಬ್ಬದಲ್ಲಿವೆ. ಕಟ್ಟು ಬೀಳುವ ಹಿಂದಿನ ದಿನ ಪ್ರತಿಯೊಬ್ಬನೂ ತುತ್ತೂರಿಯ ತುದಿಯಿಂದ ತನ್ನ ಬಟ್ಟಲು ಕಳಚಿ, ಅಂಗಿಗೆ ಒರೆಸಿ, ಹಾಲಿನ ಪುಡಿಯ ಆ ಹಳೇ ಡಬ್ಬಕ್ಕೆ ಹಾಕಬೇಕು, ಮಾಸ್ಟರ್ ಮುಚ್ಚಳ ಬಿಗಿದು ನಾರಿನ ಹಗ್ಗ ಸುತ್ತಿ ತಮ್ಮ ಮಂಚದ ಮೇಲಿನ ಜಂತಿಗೆ ನೇತುಹಾಕುತ್ತಾರೆ, ಬಟ್ಟಲಿಲ್ಲದ ತುತ್ತೂರಿ ಬರೀ ಕೊಳಾಯಿ. ಕಟ್ಟು ಬಿಚ್ಚುವ ದಿನ ಗುಡಿಯ ಡೋಲು ಕೇಳಿದ ಮೇಲೆ ಡಬ್ಬ ಇಳಿಯುತ್ತದೆ, ಒಬ್ಬೊಬ್ಬರಾಗಿ ಬಂದು ಒಂದೇ ಸ್ವರ, ಆ ಮೇಲಿನ ಸ್ವರ, ಉಸಿರು ಇರುವಷ್ಟು ಹೊತ್ತು, ಯಾರ ತುಟಿ ತಿಂಗಳ ಮೌನ ತಡೆದುಕೊಂಡು ನಿಂತಿತೋ ಅವನಿಗೆ ಆ ವರ್ಷದ ಮೊದಲ ತುತ್ತೂರಿ, ಹಸಿವನ್ನು ಅಣಕಿಸಿ ಓಡಿಸುವ ಹೊಮೊವೊ ಹಬ್ಬಕ್ಕೆ ಮೆರವಣಿಗೆಯ ಮುಂದೆ ನಡೆಯುವವನು ಅವನು, ಜೋಳದ ಹಿಟ್ಟಿನ ಕ್ಪೊಕ್ಪೊಯ್ ಬೀದಿಗೆಲ್ಲ ಎರಚುವಾಗ ಹಸಿವಿಗೆ ಅಣಕದ ಕೂಗು ಊದುವವನು ಅವನು. ಹನ್ನೊಂದು ಹಬ್ಬ ಒಬ್ಲಿಟೇಯೇ ಊದಿದ್ದಾನೆ. ಮಿಕ್ಕ ದಿನ ಅವನು ಯಾರು, ಗ್ರೀಸು ಮೆತ್ತಿಕೊಂಡ ಮೋಟಾರಿನವನು, ಏಯ್ ಮೋಟಾರು ಎಂದು ಕರೆಯುತ್ತಾರೆ, ಅದೇ ಆ ದಿನ ಹೆಂಗಸರು ಸೆರಗು ಬೀಸಿ ಅವನ ಮುಖದ ಬೆವರು ಆರಿಸುತ್ತಾರೆ, ಒಡಾರ್ಲೆ ಕೂಡ ಆ ದಿನ ಮಾತ್ರ ಅವನ ಹಿಂದೆ ನಡೆಯುತ್ತಾಳೆ, ಮಿಕ್ಕ ದಿನ ಮುಂದೆ. ಹೋದ ವರ್ಷ — ಇದನ್ನು ಅವನು ಯಾರಿಗೂ ಹೇಳಿಲ್ಲ, ಹೆಂಡತಿಗೂ — ಹೋದ ವರ್ಷ ಅವನ ಸ್ವರ ಮೊದಲು ಒಡೆಯಿತು, ತುದಿಯಲ್ಲಿ, ಮಿಕ್ಕವರಿಗೆ ತಿಳಿಯದ ಹಾಗೆ, ಕೂದಲೆಳೆಯಷ್ಟು ನಡುಗಿತು, ಆಮೇಲೆ ಅಫೊಟೆ ಊದಿದ, ಊದುತ್ತಲೇ ಇದ್ದ, ಎದೆಯಲ್ಲಿ ಇನ್ನೂ ಉಸಿರಿತ್ತು, ಕಣ್ಣು ಓರೆಯಾಗಿ ಇವನ ಕಡೆ ತಿರುಗಿತು, ನಕ್ಕುಬಿಟ್ಟ, ನಕ್ಕರೆ ತುಟಿ ಬಿಡುತ್ತದೆ, ಸ್ವರ ಮುರಿಯಿತು, ಅಯ್ಯೋ ನಗು ಬಂತು ಮಾಸ್ಟರ್, ಆಟಾನೇ ಗೆದ್ರು. ಎಲ್ಲರೂ ನಕ್ಕರು. ಯಾಕೆ ನಕ್ಕ, ಏನಿತ್ತು ನಗುವಂಥದ್ದು, ಬೇಕೆಂದೇ ನಕ್ಕನೇ, ಪಾಪ ಮುದುಕ ಇನ್ನೊಂದು ವರ್ಷ ಇಟ್ಟುಕೊಳ್ಳಲಿ ಎಂದು ಮಗುವಿಗೆ ಮಿಠಾಯಿ ಕೊಟ್ಟ ಹಾಗೆ ಕೊಟ್ಟನೇ, ಒಂದು ವರ್ಷ ಪೂರ್ತಿ ಆ ನಗು ಅವನ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ, ನುಂಗಿದರೂ ಇಳಿಯದು.

ಈ ವರ್ಷ ಆ ನಗುವೇ ಇಲ್ಲ. ಅದನ್ನೇ ಮೊದಲು ಗಮನಿಸಿದ್ದು ಅವನು, ಹಲ್ಲು ಕಿಸಿಯದೆ ಒಂದು ಮಾತಾಡಿದವನಲ್ಲ ಅಫೊಟೆ, ಕಟ್ಟು ಬಿದ್ದ ಎರಡನೇ ವಾರದಿಂದ ತುಟಿ ಪಿಟಕ್ಕೆನ್ನುವುದಿಲ್ಲ, ಎದುರು ಸಿಕ್ಕರೆ ಕೈಯೆತ್ತುತ್ತಾನೆ ಅಷ್ಟೆ, ಇನ್ನೊಂದು ಕೈ ಬಾಯಿಯ ಮೇಲೆ, ಕೆಮ್ಮು ಬಂದವನ ಹಾಗೆ, ಎಲ್ಲಿದೆ ಕೆಮ್ಮು, ಒಂದು ಸಲವೂ ಕೆಮ್ಮಲಿಲ್ಲ. ಜೋಳದ ಮುದ್ದೆಯ ಕೆಂಕೆ ಮಾರುವವಳ ಹತ್ತಿರ ಎಲ್ಲರೂ ಉಂಡೆ ಮುರಿದು ಖಾರಕ್ಕೆ ಅದ್ದಿ ತಿನ್ನುತ್ತಿದ್ದರೆ ಅವನು ಗೋಡೆಯ ಕಡೆ ತಿರುಗಿ, ಕೆಂಕೆಯನ್ನು ನೀರಿಗೆ ಹಾಕಿ ಸಕ್ಕರೆ ಹಾಕಿ ಗಂಜಿಯ ಹಾಗೆ ಕಲಸಿ, ಚಮಚದಲ್ಲಿ, ಯಾರಿಗೂ ಕಾಣದ ಹಾಗೆ — ಖಾರ ಯಾಕೆ ಬಿಟ್ಟ, ಒಬ್ಲಿಟೇಗೆ ಗೊತ್ತಿಲ್ಲವೇ, ಊದಿ ಊದಿ ಸುಲಿದ ತುಟಿಗೆ ಖಾರ ತಾಗಿದರೆ ಪ್ರಾಣ ಹೋಗುತ್ತದೆ, ತುತ್ತೂರಿಯವನಿಗೆ ಹೇಳಿಕೊಡಬೇಕೇ ಇದನ್ನು. ಏನೋ ಅಫೊಟೆ, ಮೈ ಹುಷಾರಿಲ್ವಾ ಎಂದು ಕೇಳಿದ, ಕಣ್ಣು ಮಾತ್ರ ಅವನ ಬಾಯಿಯ ಮೇಲೆ. ಹೂಂ ಆಟಾ, ಸ್ವಲ್ಪ. ಕೈಯ ಹಿಂದಿನಿಂದ ಗೊಣಗಿದ. ಅಷ್ಟರಲ್ಲಿ ಯಾರೋ ಹಿಂದಿನಿಂದ ಅವನ ಭುಜ ತಟ್ಟಿದರು, ಕೈ ಜಾರಿತು, ಒಂದೇ ಕ್ಷಣ, ಮೇಲ್ದುಟಿ ಕೆಂಪಗೆ, ಊದಿಕೊಂಡು, ಮೂಗಿನ ಕೆಳಗೆ ಗುಂಡಗೆ ಕಮಾನು ಹಾಕಿದ ಹಾಗೆ — ಉಂಗುರ, ಇನ್ನೇನು ಅದು, ಹಿತ್ತಾಳೆಯ ಉಂಗುರ, ಬಟ್ಟಲು ಕೂತೆದ್ದು ಹೋದ ಉಂಗುರ! ಇವನ ಹತ್ತಿರ ಇನ್ನೊಂದು ಬಟ್ಟಲಿದೆ. ಡಬ್ಬಕ್ಕೆ ಹಾಕಿದ್ದು ಯಾವುದೋ ಹಳೇದು.

ಎಲ್ಲಿ ಊದುತ್ತಾನೆ ಎಂಬುದೂ ತಿಳಿಯಿತು, ತಿಳಿಯಲು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಕಟ್ಟು ಊರೂರಿಗೆ ಬೇರೆ, ನಮ್ಮ ದೇವರು ಮಲಗಿದ್ದಾಗ ಪಕ್ಕದೂರಿನ ದೇವರು ಎದ್ದಿರುತ್ತಾನೆ, ನುಂಗ್ವಾದಲ್ಲಿ ಹಬ್ಬವೇ ಮುಗಿದು ಕೂತಿದೆ, ಅಲ್ಲಿ ಶನಿವಾರ ಶನಿವಾರ ಹೆಣದ ಮೆರವಣಿಗೆ, ಕೂಲಿಗೆ ಕರೆದರೆ ಯಾವ ತುತ್ತೂರಿಯವನಾದರೂ ನಿಂತು ಊದಬಹುದು, ಟ್ರೋಟ್ರೋ ವ್ಯಾನು ಹತ್ತಿದರೆ ಕಣ್ಣು ಮಿಟುಕಿಸುವಷ್ಟು ದೂರ. ಒಂದು ಶನಿವಾರ ಅಫೊಟೆ ಹತ್ತಿದ, ಇವನೂ ಹಿಂದಿನ ವ್ಯಾನು ಹತ್ತಿದ, ಕಂಡಕ್ಟರ್ ಹುಡುಗ ಎಲ್ಲಿಗೆ ಆಟಾ ಎಂದರೆ ಮುಂದಿನ ವ್ಯಾನಿನ ಹಿಂದೆ ಎಂದುಬಿಟ್ಟ, ಪೊಲೀಸಾ ನೀವು, ವ್ಯಾನು ತುಂಬ ನಗು — ನುಂಗ್ವಾದ ಮಾರುಕಟ್ಟೆಯಲ್ಲಿ ಅವನು ಇಳಿದು ಬಾಯಿಗೆ ಕರ್ಚೀಫು ಹಿಡಿದು ಸರಸರ ನಡೆದ, ಗೆಣಸಿನ ತಳ್ಳುಗಾಡಿಯೊಂದು ನಡುವೆ ಬಂತು, ಗಾಡಿ ಸರಿಯುವಷ್ಟರಲ್ಲಿ ಅವನಿಲ್ಲ, ಔಷಧದ ಅಂಗಡಿ, ಹಲ್ಲಿನವನ ಹಲಗೆ, ಕೂದಲು ಹೆಣೆಯುವವರು, ಎಲ್ಲ ಬಾಗಿಲೂ ಒಂದೇ ತರಹ, ಮತ್ತು ಆಗಲೇ, ಮನೆಗಳ ಹಿಂದಿನಿಂದ, ತುತ್ತೂರಿ. ವಾರಗಳಿಂದ ಕೇಳದ ಸದ್ದು, ಕಾಲು ನಿಂತಲ್ಲೇ ನಿಂತಿತು, ಕಣ್ಣು ತುಂಬಿಬಂತು ಅಂದರೆ ಯಾರೂ ನಂಬಲಾರರು, ಅದು ಏರಿತು, ಮೇಲಿನ ಸ್ವರ ಹಿಡಿಯಿತು, ಬಿಡಲಿಲ್ಲ, ಹಿಡಿದೇ ಇತ್ತು, ಯಾರು ಹೀಗೆ ಹಿಡಿಯುತ್ತಾರೆ ಈ ಕರಾವಳಿಯಲ್ಲಿ, ಒಬ್ಲಿಟೇ ಹಿಡಿಯುತ್ತಾನೆ, ಇಲ್ಲವೇ ಒಬ್ಲಿಟೇ ಹೇಳಿಕೊಟ್ಟವನು ಹಿಡಿಯುತ್ತಾನೆ. ನೋಡಲು ಹೋಗಲಿಲ್ಲ. ಕೇಳಿದರೆ ಸಾಕಲ್ಲ, ನೋಡುವುದೇನಿದೆ, ಕಿವಿ ಸುಳ್ಳು ಹೇಳುತ್ತದೆಯೇ. ವಾಪಸು ವ್ಯಾನಿನಲ್ಲಿ ಬರುವಾಗ ಮಾಸ್ಟರಿಗೆ ಏನು ಹೇಳಬೇಕೆಂದು ಬಾಯಲ್ಲೇ ಜೋಡಿಸಿಕೊಂಡ.

ಮಾಸ್ಟರ್ ಬೊರ್ಕೆಟೆ ಜಗುಲಿಯ ಮೇಲೆ ಕೂತಿದ್ದರು, ಪೊಲೀಸ್ ಬ್ಯಾಂಡಿನಲ್ಲಿ ಸಲ್ಯೂಟು ಹೊಡೆದು ಹೊಡೆದು ನೆಟ್ಟಗಾದ ಬೆನ್ನು, ಕಣ್ಣಿಗೆ ಮಾತ್ರ ಪೊರೆ ಬಂದಿದೆ, ಯಾರದು, ನಾನು ಮಾಸ್ಟರ್, ಒಬ್ಲಿಟೇ. ಕೂತ್ಕೋ. ಹೆಸರು ಹೇಳೋದಿಲ್ಲ ನಾನು, ಚಾಡಿ ಹೇಳೋಕೆ ಬಂದಿಲ್ಲ. ಹೇಳ್ಬೇಡ. ಡಬ್ಬ ತೆಗೆಯೋಕೆ ಮುಂಚೆ ಎಲ್ಲರ ತುಟಿ ನೋಡಿ, ಅಷ್ಟೆ. ತುಟಿನಾ? ಹೌದು, ಒಂದು ತಿಂಗಳು ಊದದವನ ತುಟಿ ಹಸುಗೂಸಿನ ತುಟಿ ಹಾಗಿರುತ್ತೆ, ಕದ್ದು ಊದಿದವನ ತುಟಿ ಮೇಲೆ ಉಂಗುರ ಕೂತಿರುತ್ತೆ, ಸಾಕ್ಷಿ ಬೇಕಾಗಿಲ್ಲ. ಮಾಸ್ಟರ್ ಮೂಗಿಗೆ ನಶ್ಯ ಏರಿಸಿದರು, ಕಟ್ಟು ಮುರಿದವ್ನು ಸಿಕ್ಕಿಬಿದ್ರೆ ಗುಡಿಗೆ ಕುರಿ, ಬ್ಯಾಂಡಿಂದ ಆಚೆ, ಗೊತ್ತಲ್ವಾ ನಿಂಗೆ. ಗೊತ್ತು ಮಾಸ್ಟರ್. ಯಾರೇ ಆಗ್ಲಿ. ಯಾರೇ ಆಗ್ಲಿ ಎಂದು ಅವನೂ ಅಂದ, ಅನ್ನುವಾಗ ದನಿ ಸ್ವಲ್ಪ ಜೋರಾಯಿತು. ನೋಡೋಣ ಹೋಗು ಎಂದರು, ನೋಡುತ್ತೇನೆ ಎಂದೂ ಹೇಳಲಿಲ್ಲ, ನೋಡುವುದಿಲ್ಲ ಎಂದೂ ಹೇಳಲಿಲ್ಲ, ಅವರಿಗೂ ಅಫೊಟೆ ಎಂದರೆ ಒಂದು ಕೈ ಹೆಚ್ಚೇ ಅಲ್ಲವೇ, ಹಬ್ಬಕ್ಕೆ ದೊಡ್ಡ ಮೀನು ಯಾರ ಮನೆಯಿಂದ ಬರುತ್ತದೆ ಮಾಸ್ಟರ್ ಮನೆಗೆ, ಒಬ್ಬರನ್ನೊಬ್ಬರು ಬಿಟ್ಟುಕೊಡುವವರಲ್ಲ ಇವರು, ಅದಕ್ಕೇ ಆ ನೋಡೋಣ. ನಂಬಿಕೊಂಡು ಕೂರುವ ಹಾಗಿಲ್ಲ. ತನ್ನ ತುಟಿಯನ್ನು ತಾನೇ ನಂಬಬೇಕು, ಅದಕ್ಕೇ ಇವತ್ತು ಬೆಳಗಾಗುವ ಮೊದಲೇ ಎದ್ದು ಈ ಬಾಟಲಿ, ಇನ್ನೂ ಸ್ವಲ್ಪ, ಮೂಲೆ ಬಿಗಿ, ನಡು ಸಡಿಲ, ಎಷ್ಟು ಹೊತ್ತಾಯಿತೋ, ತುಟಿ ಜೋಮು ಹಿಡಿದು ಅದು ತನ್ನದೇ ಅಲ್ಲವೆಂಬಂತಾಗಿದೆ, ಹೊರಗೆ ಕೋಳಿ ಕೂಗಿದರೆ ಅದಕ್ಕೂ ದಂಡ ಹಾಕಬೇಕು ಈ ಊರಲ್ಲಿ. ರೀ, ಬಿಡ್ರೀ ಆ ಬಾಟಲೀನ, ಒಡಾರ್ಲೆ ಹಿಂದಿನಿಂದ, ಹಲ್ಲು ಉದುರಿಸ್ಕೋತೀರಾ, ಹೊತ್ತಾಯ್ತು, ಬಿಳೀ ಅಂಗಿ ಇಸ್ತ್ರಿ ಹಾಕಿದೀನಿ. ಗೆದ್ದೇ ಗೆಲ್ತೀರಿ, ಸುಮ್ನೆ ಯಾಕೆ ಹೀಗೆ ಒದ್ದಾಡ್ತೀರಿ ಎಂದಳು. ಗೆದ್ದೇ ಗೆಲ್ತೀರಿ ಎಂದು ಅಷ್ಟು ಖಾತ್ರಿ ಹೇಗೆ ಇವಳಿಗೆ, ಇವಳಿಗೇನಾದರೂ ಗೊತ್ತೇ, ಹೊಗೆಗೂಡಿನ ಹತ್ತಿರ ಅಫೊಟೆಯ ಹೆಂಡತಿಯೂ ಇರುತ್ತಾಳಲ್ಲ, ಏನು ಮಾತಾಡಿಕೊಳ್ಳುತ್ತಾರೆ ಇವರಿಬ್ಬರೂ, ಪಾಪ ಆ ಮನೆಯವ್ರಿಗೆ ಕಷ್ಟ ಕಣ್ರೀ ಎಂದು ಮೊನ್ನೆ ಏನೋ ಹೇಳಲು ಬಂದಳು, ಅಫೊಟೆ ಹೆಸರು ನನ್ನ ಮುಂದೆ ಎತ್ತಬೇಡ ಎಂದು ಬಾಯಿ ಮುಚ್ಚಿಸಿದ್ದ. ಅಂಗಿ ತೊಟ್ಟು ಹೊರಟ.

ಬೀದಿ ಬಾಯಿಗೆ ಬೀಗ ಹಾಕಿಕೊಂಡೇ ಎದ್ದಿದೆ, ಆದರೆ ಒಳಗೊಳಗೇ ಕುದಿಯುತ್ತಿದೆ, ಡೋಲಿನವರು ಚರ್ಮ ಬಿಸಿಲಿಗೆ ಒಡ್ಡಿ ಕೂತಿದ್ದಾರೆ, ಧ್ವನಿವರ್ಧಕದ ಪೆಟ್ಟಿಗೆಗಳು ಬಾಗಿಲಿಗೆ ಬಂದಿವೆ, ಎಲ್ಲರ ಕಿವಿ ಗುಡಿಯ ಕಡೆಗೆ, ಏಯ್ ಮೋಟಾರು, ತುತ್ತೂರಿಗೆ ಪೆಟ್ರೋಲ್ ಹಾಕಿದ್ಯಾ ಎಂದು ಹೊಗೆಗೂಡಿನ ಹೆಂಗಸರು ಕೂಗದೆ ಪಿಸುಗುಟ್ಟಿಯೇ ರೇಗಿಸಿದರು, ನಗಲಿಲ್ಲ ಅವನು, ನಕ್ಕರೆ ಮೂಲೆ ಸಡಿಲವಾಗುತ್ತದೆ. ಒಬ್ಬಳು ಅವನ ಮುಖವನ್ನೇ ನೋಡಿ ಪಕ್ಕದವಳ ಪಕ್ಕೆ ತಿವಿದಳು, ಯಾಕೆ ತಿವಿದಳು, ಅಫೊಟೆಯ ಕಡೆಯವಳೇ ಇರಬೇಕು. ಬ್ಯಾಂಡಿನ ಅಂಗಳದಲ್ಲಿ ಬಾದಾಮಿ ಮರದ ಕೆಳಗೆ ಎಲ್ಲರೂ ಸಾಲಾಗಿ ನಿಂತಿದ್ದರು, ಮೇಜಿನ ಮೇಲೆ ತುತ್ತೂರಿಗಳು ಬಾಯಿ ತೆರೆದು ಮಲಗಿದ್ದವು, ಪಕ್ಕದಲ್ಲಿ ಡಬ್ಬ, ನಾರಿನ ಹಗ್ಗ ಬಿಗಿಯಾಗಿಯೇ ಇದೆ, ಯಾರೂ ಮುಟ್ಟಿದ ಹಾಗಿಲ್ಲ, ಮುಟ್ಟುವುದು ಯಾಕೆ ಇನ್ನೊಂದು ಬಟ್ಟಲು ಇದ್ದವನು. ಸಾಲಿನ ತುದಿಯಲ್ಲಿ ಅಫೊಟೆ, ಬಾಯಿಗೆ ಅದೇ ಕರ್ಚೀಫು, ಆಟಾ ಎಂದು ಕೈಯೆತ್ತಿದ, ಕಣ್ಣಲ್ಲಿ ಏನೋ ಇತ್ತು, ಏನದು, ಅಣಕವೇ, ಹೆದರಿಕೆಯೇ, ಹೆದರಲಿ. ಅವನು ಅಫೊಟೆಯಿಂದ ಇಬ್ಬರನ್ನು ಬಿಟ್ಟು ನಿಂತ, ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಮಾಸ್ಟರ್ ಕೋಲೂರಿಕೊಂಡು ಬಂದರು, ಗಂಟಲು ಸರಿಮಾಡಿಕೊಂಡರು, ಡೋಲು ಬೀಳೋ ಹೊತ್ತಾಯ್ತು, ಡಬ್ಬ ಬಿಚ್ಚೋಕೆ ಮುಂಚೆ ಈ ಸಲ ಒಂದು ಹೊಸ ಕೆಲಸ ಇದೆ, ತುಟಿ ತೋರಿಸ್ಬೇಕು ಎಲ್ಲರೂ, ನಂಗೆ ಕಣ್ಣು ಕಾಣಲ್ಲ, ಹೆಬ್ಬೆರಳಲ್ಲಿ ಮುಟ್ಟಿ ನೋಡ್ತೀನಿ, ಉಂಗುರ ಇದ್ದವನು ಬಾಯಿ ಬಿಡೋದೇ ಬೇಡ, ಹಾಗೇ ಮನೆಗೆ ಹೋಗಲಿ. ಸಾಲಿನಲ್ಲಿ ಗುಸುಗುಸು, ಇದ್ಯಾರ ತಲೇಲಿ ಹುಟ್ಟಿದ್ದಪ್ಪ ಈ ಹುಳ — ಒಬ್ಲಿಟೇಯ ಎದೆ ಉಬ್ಬಿತು, ಮಾಸ್ಟರ್ ಅವನ ಮಾತು ನಡೆಸಿಕೊಟ್ಟರು, ಹೋದ ವರ್ಷದ ನಗುವಿಗೆ ಇವತ್ತು ಉತ್ತರ, ಈ ಬಿಸಿಲು, ಈ ಬಾದಾಮಿ ಮರ, ಎಲ್ಲವೂ ಇದ್ದಕ್ಕಿದ್ದಂತೆ ಚೆಂದ ಕಂಡವು. ಮಾಸ್ಟರ್ ಸಾಲಿನ ಆ ತುದಿಯಿಂದ ಶುರುಮಾಡಿದರು.

ಅಫೊಟೆ, ಕೈ ತೆಗಿ. ತೆಗೆಯಲಿಲ್ಲ. ತೆಗಿಯಯ್ಯ, ನಿನ್ನ ಮೂತಿ ಏನ್ ಮದುವಣಗಿತ್ತೀದಾ. ಕರ್ಚೀಫು ಇಳಿಯಿತು, ಎಲ್ಲರೂ ಕತ್ತು ಚಾಚಿದರು, ಒಬ್ಲಿಟೇ ಒಂದು ಹೆಜ್ಜೆ ಮುಂದೆಯೇ ಬಂದ, ಮೇಲ್ದುಟಿ, ಅದೇ ಕಮಾನು, ಇನ್ನೂ ಇದೆ — ಮತ್ತು ಅಫೊಟೆ ಬಾಯಿ ತೆರೆದ. ಮುಂದಿನ ಹಲ್ಲುಗಳಿಲ್ಲ. ಮೇಲೆ ಎರಡು, ಕೆಳಗೆ ಒಂದು, ಖಾಲಿ, ಕಪ್ಪಗೆ, ವಸಡು ಹೊಲಿದ ದಾರ ಇನ್ನೂ ತೂಗುತ್ತಿದೆ, ತುಟಿಯ ಮೇಲಿನದು ಉಂಗುರವಲ್ಲ, ಹೊಲಿಗೆ, ಬಾಗಿದ ಹೊಲಿಗೆಯ ಗಾಯ. ದೋಣಿ ಇಳಿಸ್ತಾ ಅಲೆ ಹೊಡೀತು ಮಾಸ್ಟರ್, ಹುಟ್ಟು ತಿರುಗಿ ಬಾಯಿಗೇ ಬಿತ್ತು, ಮಾತು ಗಾಳಿಯಾಗಿ ಸೋರುತ್ತಿತ್ತು, ನುಂಗ್ವಾದಲ್ಲಿ ಹಲ್ಲಿನ ಡಾಕ್ಟ್ರ ಹತ್ರ ಹೋಗ್ತಾ ಇದ್ದೆ, ಇನ್ನು ಊದೋಕಾಗಲ್ಲ ಅಂದ್ರು, ಬಟ್ಟಲು ಇಡೋಕೆ ಹಲ್ಲೇ ಇಲ್ವಲ್ಲ. ಯಾಕೋ ಹೇಳ್ಲಿಲ್ಲ ಇಷ್ಟು ದಿನ. ನಾಚಿಕೆ ಆಯ್ತು ಮಾಸ್ಟರ್. ಅಫೊಟೆ ಒಬ್ಲಿಟೇಯ ಕಡೆ ತಿರುಗಿದ, ನಕ್ಕ, ಎಷ್ಟೋ ದಿನಗಳಾದ ಮೇಲೆ ಮೊದಲ ಸಲ ನಕ್ಕ, ಆ ಖಾಲಿ ಬಾಯಲ್ಲೇ, ಇವತ್ತು ಊದೋಕೆ ಬಂದಿಲ್ಲ ಆಟಾ, ದೊಡ್ಡ ಡೋಲು ನಂಗೆ ಕೊಡಿ ಅಂತ ಕೇಳೋಕೆ ಬಂದೆ, ನೀವು ಮುಂದೆ ಊದ್ಕೊಂಡು ನಡೀರಿ, ನಾನು ಹಿಂದೆ ಬಡ್ಕೊಂಡು ಬರ್ತೀನಿ. ಅಯ್ಯೋ ದೇವರೇ, ಹೋದ ವರ್ಷ ನಕ್ಕದ್ದೂ ಹೀಗೆಯೇ, ಇಷ್ಟೇ, ನಗು ಬಂತು ಅಂದದ್ದು ನಗು ಬಂದದ್ದಕ್ಕೇ, ಕೆಂಕೆಯ ಗಂಜಿ, ಕೈ ಅಡ್ಡ, ಹಲ್ಲಿನವನ ಹಲಗೆ ಕಣ್ಣೆದುರಿಗೇ ಇತ್ತಲ್ಲ, ಅಲ್ಲಿ ಊದಿದವನು ಬೇರೆ ಯಾರೋ, ನೋಡಲು ಹೋಗಲಿಲ್ಲ, ಕೇಳಿದರೆ ಸಾಕೆಂದ, ಒಡಾರ್ಲೆ ಹೇಳಲು ಬಂದಳು ಬಾಯಿ ಮುಚ್ಚಿಸಿದ, ನಾಚಿಕೆಯಿಂದ ಅವನ ಮೈಯೆಲ್ಲ ಬಿಸಿಯಾಯಿತು, ಕಿವಿ ಬಿಸಿಯಾಯಿತು, ಕೆನ್ನೆ, ತುಟಿ — ಜೋಮು ಬಿಡುತ್ತಿದೆ ತುಟಿಗೆ, ರಕ್ತ ತಿರುಗಿ ಬರುತ್ತಿದೆ, ಚುಚ್ಚುತ್ತಿದೆ, ಎಲ್ಲಾ ಕಡೆ ಅಲ್ಲ, ಗುಂಡಗೆ, ಒಂದು ಗೆರೆಯ ಮೇಲೆ ಮಾತ್ರ ಚುಚ್ಚುತ್ತಿದೆ, ಮೂಗಿನ ಕೆಳಗಿನಿಂದ ಇಳಿದು ಗದ್ದದ ಮೇಲೆ ಹಾದು ಮತ್ತೆ ಮೇಲಕ್ಕೆ.

ಆಗ ನೆನಪಾಯಿತು. ಪಕ್ಕೆ ತಿವಿದ ಆ ಹೆಂಗಸು. ಕನ್ನಡಿ ನೋಡದ ಮುಖ. ಮಾಸ್ಟರ್ ಒಬ್ಬನನ್ನು ಮುಗಿಸಿದರು, ಹೆಬ್ಬೆರಳು ಸವರಿ, ನೀನು ಸರಿ, ಇನ್ನೊಬ್ಬನನ್ನು, ನೀನೂ ಸರಿ, ಕೋಲು ಹತ್ತಿರ ಬಂತು, ನಶ್ಯದ ವಾಸನೆ ಹತ್ತಿರ ಬಂತು, ಬಾಟಲಿ ಮಾಸ್ಟರ್, ಬರೀ ಬಾಟಲಿ, ಊದಲಿಲ್ಲ, ಉಸಿರು ಕೂಡ ಬಿಡಲಿಲ್ಲ, ದೇವರಾಣೆ, ಒಡಾರ್ಲೆಯನ್ನು ಕೇಳಿ, ಹೇಳಬೇಕು, ಈಗಲೇ ಹೇಳಬೇಕು, ಯಾರು ನಂಬುತ್ತಾರೆ, ಅವನೇ ನಂಬುತ್ತಿದ್ದನೇ, ಅಫೊಟೆ ಬಂದು ಬರೀ ಬಾಟಲಿ ಆಟಾ ಎಂದಿದ್ದರೆ ಅವನು ನಂಬುತ್ತಿದ್ದನೇ, ಸಾಕ್ಷಿ ಬೇಕಾಗಿಲ್ಲ ಎಂದವನು ಯಾರು, ಯಾರೇ ಆಗ್ಲಿ ಎಂದವನು ಯಾರು — ತುಟಿಗಳನ್ನು ಒಳಕ್ಕೆ ಎಳೆದು ಹಲ್ಲಿನ ನಡುವೆ ಮಡಚಿಕೊಂಡ, ಅವ್ವನ ಕೈಗೆ ಸಿಕ್ಕಿಬಿದ್ದ ಮಗುವಿನ ಹಾಗೆ. ಒಬ್ಲಿಟೇ, ನೀನೇ ಅಲ್ವಾ, ಬಾಯಿ ಸಡಿಲ ಬಿಡು. ಬಿಡಲಿಲ್ಲ. ಬಿಡೋ ಮಾರಾಯ, ನಿಂದೇನಿದೆ ನೋಡೋಕೆ, ಶಾಸ್ತ್ರಕ್ಕೆ ಮುಟ್ತೀನಿ ಅಷ್ಟೆ. ಸಾಲಿನಲ್ಲಿ ಯಾರೋ ನಕ್ಕರು, ಅಫೊಟೆಯೂ ನಗುತ್ತಿದ್ದ, ಆಟಾ, ತೋರ್ಸಿ ಮುಗ್ಸಿ, ಡಬ್ಬ ಕಾಯ್ತಿದೆ, ಅಷ್ಟರಲ್ಲಿ ಗುಡಿಯ ಕಡೆಯಿಂದ ಧಢ್ ಎಂದಿತು, ಒಂದು, ಇನ್ನೊಂದು, ಮತ್ತೆ ಇಡೀ ತೇಶಿ ಒಂದೇ ಗಂಟಲಿನಲ್ಲಿ ಕೂಗಿತು, ತಿಂಗಳ ಕಾಲ ಕಟ್ಟಿಟ್ಟ ಸದ್ದೆಲ್ಲ, ಡೋಲು, ತಟ್ಟೆ, ದೋಣಿಗಳ ಹಾರನ್ನು, ಧ್ವನಿವರ್ಧಕಗಳು, ಹೆಂಗಸರ ಉಲಿ, ಬಾದಾಮಿ ಮರದ ಹಕ್ಕಿಗಳು ಎದ್ದು ಹೋದವು, ಅವನ ತುಟಿಗಳು ತಾವಾಗಿ ಬಿಚ್ಚಿಕೊಂಡವು, ಮಾಸ್ಟರ್ ಹೆಬ್ಬೆರಳು ಬಂತು, ಒರಟು, ನಶ್ಯ ಹತ್ತಿದ್ದು, ಮೇಲ್ದುಟಿಯ ನಡುವೆ ಕೂತಿತು, ಹಾಗೇ ಹೊರಟೇಬಿಡುತ್ತದೇನೋ ಅನ್ನಿಸಿತು, ಹೊರಡಲಿಲ್ಲ, ಗೆರೆ ಸಿಕ್ಕಿತು ಅದಕ್ಕೆ, ಗೆರೆಯ ಮೇಲೆಯೇ ನಡೆಯಿತು, ಕೆಳಕ್ಕೆ, ಗದ್ದದ ಮೇಲೆ, ಮೇಲಕ್ಕೆ, ಸುತ್ತು ಪೂರ್ತಿಯಾಯಿತು, ಮಾಸ್ಟರ್ ಮುಖದ ನಗು ಹೋಯಿತು, ಮತ್ತೊಮ್ಮೆ, ಈ ಸಲ ನಿಧಾನವಾಗಿ, ಉಂಗುರದ ಮೇಲೆ, ಉಂಗುರದ ಸುತ್ತ, ಉಂಗುರ —